ಬ್ರಾಕೆಟ್ಟಿನೊಳಗೆ ಮೂರು ಚುಕ್ಕಿ

"ದ್ವೀಪದ ತಾತ ಮತ್ತೆ ಬೇರೆಯವರಿಗೇ ಉತ್ತರ ಕೊಟ್ಟರು! ನಮ್ಮ ಕಡೆ ತಿರುಗಿಯೂ ನೋಡ್ತಿಲ್ಲ!" ಗುಬ್ಬಿ ಕುರ್ಚಿಯ ಮೇಲೆ ಮಂಡಿಯೂರಿ ಸ್ಕ್ರೀನನ್ನು ದುರುಗುಟ್ಟಿ ನೋಡಿದಳು.

"ಕುರ್ಚಿ ಮುರಿದರೆ ತಿರುಗಿ ನೋಡ್ತಾರಾ? ನೆಟ್ಟಗೆ ಕೂತ್ಕೋ," ಎಂದರು ಅಜ್ಜಿ. ರೇಡಿಯೋ ಲೈಸೆನ್ಸ್ ಇದ್ದದ್ದು ಅಜ್ಜಿಯ ಹತ್ತಿರ. ಅವರು ಪಕ್ಕದಲ್ಲಿಲ್ಲದೆ ಗುಬ್ಬಿ ಒಂದು ಗುಂಡಿಯನ್ನೂ ಒತ್ತುವಂತಿರಲಿಲ್ಲ.

ಅದು ಅಜ್ಜನ ರೇಡಿಯೋ. ಕಂಪ್ಯೂಟರಿನಿಂದ ಪುಟ್ಟ ಪುಟ್ಟ ಸಾಲುಗಳನ್ನು ಅದು ದೂರ ದೂರಕ್ಕೆ ಕಳಿಸುತ್ತದೆ. ಒಂದು ಸಾಲು ಹೋಗಲು ಹದಿನೈದು ಸೆಕೆಂಡ್. ಆಮೇಲೆ ಹದಿನೈದು ಸೆಕೆಂಡ್ ಸುಮ್ಮನೆ ಕಿವಿಗೊಟ್ಟು ಕೂರಬೇಕು.

ರೇಡಿಯೋದವರಿಗೆಲ್ಲ ಒಂದೊಂದು ಕಾಲ್‌ಸೈನ್ ಇರುತ್ತದೆ. ಅಕ್ಷರ, ಅಂಕಿ ಸೇರಿಸಿ ಕಟ್ಟಿದ ಹೆಸರು ಅದು. ಅಜ್ಜನದು ಚಿಕ್ಕದಾಗಿತ್ತು. ಅಜ್ಜ ತೀರಿಕೊಂಡು ವರ್ಷ ತುಂಬಿತೆಂದು ಗೆಳೆಯರ ಕ್ಲಬ್ಬು ಅವರ ನೆನಪಿಗೆ ಹೊಸ ಕಾಲ್‌ಸೈನ್ ಪಡೆದಿತ್ತು. ಅದು ರೈಲಿನ ಹಾಗೆ ಉದ್ದ. ಒಂದು ವಾರಕ್ಕೆ ಮಾತ್ರ. ಇವತ್ತು ಕೊನೆಯ ದಿನ.

ದೂರದ ದ್ವೀಪವೊಂದರಲ್ಲಿ ದೀಪಸ್ತಂಭ ಕಾಯುತ್ತಿದ್ದ ತಾತ ಒಬ್ಬರಿದ್ದರು. ಅಜ್ಜನಿಗೂ ಅವರಿಗೂ ಎಂಟು ವರ್ಷದ ಗೆಳೆತನ. ಒಮ್ಮೆಯೂ ಮುಖ ನೋಡಿದವರಲ್ಲ. ಆ ತಾತ ದಿನಾ ಸಂಜೆ ಐದೂವರೆಗೆ ರೇಡಿಯೋ ಮುಚ್ಚಿಬಿಡುವರು. ಈಗಾಗಲೇ ಐದೂ ಹತ್ತು. ಅಜ್ಜನ ನೆನಪಿನ ಹೆಸರು ಅವರಿಗೆ ಮುಟ್ಟಲೇಬೇಕೆಂದು ಗುಬ್ಬಿಯ ಹಟ.

"ಅಜ್ಜನ ಉಪಾಯಾನೇ ಮಾಡ್ತಿದೀನಿ, ಅಜ್ಜಿ. ಆದ್ರೂ ಆ ತಾತನಿಗೇನು ಜಂಬ!"

ಮೊದಲನೇ ಸಾಲು 'ನಾನು ಇಂಥವನು' ಎನ್ನುತ್ತದೆ. ಎರಡನೆಯದು 'ನೀವು ಇಷ್ಟು ಚೆನ್ನಾಗಿ ಕೇಳಿಸುತ್ತಿದ್ದೀರಿ' ಎನ್ನುತ್ತದೆ. ಅಜ್ಜನ ಚಿಕ್ಕ ಹೆಸರು ಎರಡರಲ್ಲೂ ಇದ್ದೇ ಇರುತ್ತಿತ್ತು. ಅಜ್ಜ ಕಣ್ಣು ಮಿಟುಕಿಸಿ, "ಮೊದಲನೇದು ಬಿಡು ಗುಬ್ಬಿ, ಎರಡಕ್ಕೇ ಹಾರು. ಅರ್ಧ ನಿಮಿಷ ಲಾಭ!" ಎನ್ನುತ್ತಿದ್ದರು. ಅಜ್ಜ ಅವಳಿಗೊಬ್ಬಳಿಗೇ ಹೇಳಿಕೊಟ್ಟಿದ್ದ ಗುಟ್ಟು ಅದು.

ಅಷ್ಟರಲ್ಲಿ ಬಾಗಿಲಲ್ಲಿ ಎಲೆಕ್ಟ್ರಿಷಿಯನ್ ಮಾಮನ ತಲೆ ಕಂಡಿತು. ತಾರಸಿಯ ತಂತಿ ಸರಿಮಾಡಿ, ಮೆಟ್ಟಿಲ ಮೇಲೆ ಕೂತು, ಸಿಗ್ನಲ್ ಹೋಗುತ್ತಿದೆಯೇ ಎಂದು ಪುಟ್ಟ ರೇಡಿಯೋ ಜೋಡಿಸಿದ್ದ ತಮ್ಮ ಲ್ಯಾಪ್‌ಟಾಪ್ ಆಗಷ್ಟೇ ತೆರೆದು ನೋಡಿದ್ದರು.

"ಸಿಗ್ನಲ್ಲು ಗಟ್ಟಿಯಾಗಿದೆ, ಅಮ್ಮಾ. ಆದರೆ ಯಾರೋ ಮೂರು ಚುಕ್ಕಿ ಅನ್ನೋರು ದ್ವೀಪದವರನ್ನ ಕರೀತಾನೇ ಇದಾರೆ. ಅಪ್ಪ-ಅಮ್ಮ ಹೆಸರಿಡೋಕೆ ಮರೆತರೋ ಏನೋ!"

ಗುಬ್ಬಿ ಓಡಿಹೋಗಿ ನೋಡಿದಳು. ಅವಳು ಕಳಿಸಿದ್ದ ಸಾಲೇ! ಆದರೆ ಉದ್ದದ ಹೆಸರಿರಬೇಕಾದಲ್ಲಿ ಬ್ರಾಕೆಟ್ಟು, ಅದರೊಳಗೆ ಮೂರು ಚುಕ್ಕಿ.

"ಹೌದಲ್ಲ," ಅಜ್ಜಿ ಹಣೆ ಚಚ್ಚಿಕೊಂಡರು. "ಸಾಲಿನಲ್ಲಿ ಜಾಗ ಕಮ್ಮಿ. ಉದ್ದದ ಹೆಸರು ಮೊದಲನೇ ಸಾಲಿನಲ್ಲಿ ಮಾತ್ರ ಪೂರ್ತಿ ಹೋಗತ್ತೆ. ಆಮೇಲೆ ಹೋಗೋದು ಬರೀ ಗುರುತು. ಹೆಸರು ಕೇಳಿಸಿಕೊಂಡಿದ್ದರೆ ಕಂಪ್ಯೂಟರ್ ಆ ಗುರುತು ಹಿಡಿಯತ್ತೆ. ಇಲ್ಲದಿದ್ರೆ ಚುಕ್ಕಿ ಇಟ್ಟು ಕೂರತ್ತೆ. ಯಾರು ಅಂತ ಗೊತ್ತಿಲ್ಲದೆ ತಾತ ಹೇಗೆ ಉತ್ತರ ಕೊಡ್ತಾರೆ, ಹೇಳು?"

"ಹಾಗಾದ್ರೆ ಅಜ್ಜ ಹೇಳಿಕೊಟ್ಟಿದ್ದು ತಪ್ಪಾ?" ಗುಬ್ಬಿಯ ದನಿ ಇಳಿಯಿತು.

ಅಜ್ಜಿ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದರು. "ಐದೂ ಇಪ್ಪತ್ತೈದಾಯ್ತು, ಮಗಾ," ಎಂದರು.

ಗುಬ್ಬಿಯ ಬೆರಳು ಮೌಸಿನ ಮೇಲೆ ತಡೆಯಿತು. ಕೊನೆಗೆ ಮೊದಲನೇ ಸಾಲನ್ನೇ ಒತ್ತಿದಳು. ಅಜ್ಜನ ಉದ್ದದ ಹೆಸರು, ಒಂದಕ್ಷರವೂ ಬಿಡದೆ, ಹೊರಟಿತು. ಹದಿನೈದು ಸೆಕೆಂಡ್. ಆಮೇಲೆ ಕಿವಿಗೊಡುವ ಸರದಿ. ಅಜ್ಜಿಯ ತುಟಿ ಯಾವುದೋ ಸ್ತೋತ್ರಕ್ಕೆ ಅಲುಗುತ್ತಿತ್ತು.

ಉತ್ತರ ಬಂತು! ಬ್ರಾಕೆಟ್ಟಿನೊಳಗೆ ಅಜ್ಜನ ಹೆಸರು, ಪೂರ್ತಿ.

ಸಾಲುಗಳು ಹೋದವು, ಬಂದವು. ಬೀಳ್ಕೊಡುವ ಹೊತ್ತಿಗೆ ತಾತ ಇನ್ನೊಂದು ಸಾಲು ಕಳಿಸಿದರು. ಸ್ವಂತ ಮಾತಿಗೆ ಅದರಲ್ಲಿ ಹದಿಮೂರಕ್ಷರದಷ್ಟೇ ಜಾಗ. "ಹಲೋ ಫ್ರೆಂಡ್" ಎಂದು ಬರೆದಿದ್ದರು.

"ಅಬ್ಬಾ, ದೇವರು ದೊಡ್ಡವನು," ಎಂದು ಅಜ್ಜಿ ಕಣ್ಣೊತ್ತಿಕೊಂಡರು. ಮಾಮ ಲ್ಯಾಪ್‌ಟಾಪ್ ಹಿಡಿದುಕೊಂಡೇ ಒಂದು ಸುತ್ತು ಕುಣಿದುಬಿಟ್ಟರು.

ಗುಬ್ಬಿ ಅಜ್ಜನ ದಪ್ಪ ಲಾಗ್ ಪುಸ್ತಕ ಎಳೆದುಕೊಂಡಳು. ಮಾತಾಡಿಸಿದವರನ್ನೆಲ್ಲ ಅಜ್ಜ ಅದರಲ್ಲಿ ಬರೆದಿಡುತ್ತಿದ್ದರು. ತಾತನಿಗೆಂದೇ ಇಟ್ಟ ಹಾಳೆಗಳಲ್ಲಿ ಹೆಸರೇ ಇರಲಿಲ್ಲ. 'ಮೇಲಿನಂತೆ' ಎಂಬ ಎರಡು ಪುಟ್ಟ ಗೀಟು, ಅದರ ಕೆಳಗೆ ಮತ್ತೆರಡು ಗೀಟು. ಅವಳು ಹಿಂದಕ್ಕೆ ತಿರುವುತ್ತಾ ಹೋದಳು. ಗೀಟು, ಗೀಟು, ಗೀಟು. ಎಂಟು ವರ್ಷದ ಗೀಟು ದಾಟಿದ ಮೇಲೆ ಮೊದಲ ಹಾಳೆ ಸಿಕ್ಕಿತು.

ಅಲ್ಲಿ ಅಜ್ಜನ ದುಂಡು ಅಕ್ಷರದಲ್ಲಿ ತಾತನ ಕಾಲ್‌ಸೈನ್, ಹೆಸರು, ದ್ವೀಪ, ಗಂಟೆ, ನಿಮಿಷ, ಎಲ್ಲವೂ ಇತ್ತು.

ಗುಬ್ಬಿ ಅದರ ಮೇಲೆ ಮೆಲ್ಲಗೆ ಬೆರಳಾಡಿಸಿದಳು. ಆಮೇಲೆ ಇವತ್ತಿನ ಹಾಳೆಗೆ ಬಂದು, ಪೆನ್ನು ತೆಗೆದುಕೊಂಡು, ಒಂದು ಗೀಟನ್ನೂ ಹಾಕದೆ, ಎಲ್ಲವನ್ನೂ ಪೂರ್ತಿಯಾಗಿ ಬರೆಯತೊಡಗಿದಳು.