ಹಿತ್ತಲ ಬಾಳೆಯ ಮೊದಲ ಚಿಪ್ಪು

“ಆ ಬ್ಯಾಗಲ್ಲಿ ಏನು ಚಿನ್ನ ಇಟ್ಕೊಂಡಿದೀಯೇನೇ?” ಪಕ್ಕದಲ್ಲಿ ಕೂತಿದ್ದ ಪೊಸಾಯ್ ಮತ್ತೆ ಕೇಳಿದ.

ದಾಲಾ ಬ್ಯಾಗನ್ನು ಇನ್ನಷ್ಟು ಎದೆಗೆ ಒತ್ತಿಕೊಂಡಳು. ಒಳಗಿರುವುದು ನುಜ್ಜುಗುಜ್ಜಾದೀತೆಂದು ಹೆದರಿ ಕೂಡಲೇ ಕೈ ಸಡಿಲ ಬಿಟ್ಟಳು.

ಎದುರುಬದುರು ಬೆಂಚುಗಳ ತೆರೆದ ಗಾಡಿ ವಿಯೆಂಟಿಯಾನ್ ಪೇಟೆಯಲ್ಲಿ ಕುಣಿಯುತ್ತಾ ಹೋಗುತ್ತಿತ್ತು. ಐದನೇ ಕ್ಲಾಸಿನ ಮಕ್ಕಳು ಅದರಲ್ಲಿ ಒತ್ತೊತ್ತಾಗಿ ಕೂತಿದ್ದರು. ಇವತ್ತು ಅವರಿಗೆ ಊರು ನೋಡುವ ಟ್ರಿಪ್. ಹುಟ್ಟಿದ ಊರನ್ನೇ ಏನು ನೋಡುವುದು ಎಂದು ಕೆಲವರು ಮೂಗು ಮುರಿದಿದ್ದರು. ವಿಮಾನ ಹತ್ತಿಕೊಂಡು ಜನ ಇಲ್ಲಿಗೆ ಬರುತ್ತಾರೆ, ನೀವು ದಿನಾ ಪಕ್ಕದಲ್ಲೇ ಹಾದುಹೋದರೂ ಕತ್ತೆತ್ತಿ ನೋಡುವುದಿಲ್ಲ ಎಂದು ವಿಲಾಯ್ ಟೀಚರ್ ಎಲ್ಲರನ್ನೂ ಗಾಡಿ ಹತ್ತಿಸಿದ್ದರು.

ದಾಲಾಗೆ ಮಾತ್ರ ಈ ಟ್ರಿಪ್ ಬೇಕೇ ಬೇಕಿತ್ತು. ಅವಳ ಬ್ಯಾಗಿನಲ್ಲಿ ಒಂದು ಚಿಪ್ಪು ಬಾಳೆಹಣ್ಣು ಇತ್ತು. ಅದು ಸಿ ಮುವಾಂಗ್ ಗುಡಿಗೆ ತಲುಪಬೇಕಿತ್ತು. ಇವತ್ತೇ ತಲುಪಬೇಕಿತ್ತು.

ಮಳೆಗಾಲದಲ್ಲಿ ಅವಳ ತಮ್ಮ ತುಯ್‌ಗೆ ಡೆಂಗ್ಯೂ ಬಂದಿತ್ತು. ಆರು ವರ್ಷದ ಹುಡುಗ, ಒಂದು ನಿಮಿಷ ಕೂತಲ್ಲಿ ಕೂರದವನು, ಅಕ್ಕನ ಗುರುತು ಕೂಡ ಹಿಡಿಯದೆ ಆಸ್ಪತ್ರೆಯಲ್ಲಿ ಮಲಗಿದ್ದ. ಆಗ ಅಮ್ಮ ದಾಲಾಳ ಕೈ ಹಿಡಿದು ಸಿ ಮುವಾಂಗ್‌ಗೆ ಹೋಗಿದ್ದಳು.

ಅಲ್ಲಿ ಒಂದು ದಿಂಬಿನ ಮೇಲೆ ಪುಟ್ಟ ಕಲ್ಲುಬುದ್ಧ ಇದ್ದಾನೆ. ಮೂಗು ಬಾಯಿ ಎಲ್ಲ ಸವೆದುಹೋಗಿದೆ. ಕಷ್ಟ ಬಂದವರು ಮನಸ್ಸಿನಲ್ಲೇ ಬೇಡಿಕೊಂಡು ಆ ಮೂರ್ತಿಯನ್ನು ಮೂರು ಸಲ ಎತ್ತಿ ಇಡಬೇಕು. ಬೇಡಿದ್ದು ಆದರೆ ಏನು ತಂದು ಒಪ್ಪಿಸುತ್ತೇನೆ ಎಂದೂ ಹೇಳಿಕೊಳ್ಳಬೇಕು. ಅಮ್ಮ ಅಳುತ್ತಾ ಎತ್ತಿದಳು. ಅಮ್ಮ ಊದುಬತ್ತಿ ಹಚ್ಚಲು ಆಚೆ ಹೋದಾಗ ದಾಲಾ ಕೂಡ ಎತ್ತಿದಳು. ತುಯ್ ಮನೆಗೆ ಬಂದರೆ ನಮ್ಮ ಹಿತ್ತಲ ಬಾಳೆಯ ಮೊದಲ ಚಿಪ್ಪು ನಿನಗೆ ಎಂದು ಹರಕೆ ಹೊತ್ತಳು.

ದೊಡ್ಡವರು ಯಾರೂ ಇಂಥ ಹರಕೆ ಹೊರುವುದಿಲ್ಲ. ಗುಡಿಯ ಗೇಟಿನಲ್ಲೇ ಬಾಳೆಹಣ್ಣು, ಎಳನೀರು, ಹೂವು, ಮೇಣದಬತ್ತಿ ಎಲ್ಲ ಮಾರುತ್ತಾರೆ. ಬುದ್ಧಿವಂತರು ಅದರಲ್ಲೇ ಒಂದನ್ನು ಹೇಳಿಕೊಳ್ಳುತ್ತಾರೆ. ಹೇಳಿಕೊಂಡದ್ದನ್ನೇ ಕೊಡಬೇಕು, ಬದಲಿ ನಡೆಯುವುದಿಲ್ಲ ಎಂಬುದು ಊರಿಗೆಲ್ಲ ಗೊತ್ತು. ದಾಲಾಗೂ ಗೊತ್ತಿತ್ತು. ಆದರೆ ಆ ಹೊತ್ತಿನಲ್ಲಿ ‘ನನ್ನದು’ ಎಂದು ಅವಳಿಗೆ ನೆನಪಾದದ್ದು ತಾನೇ ನೆಟ್ಟು ನೀರು ಹಾಕಿದ ಆ ಬಾಳೆಗಿಡ ಒಂದೇ.

ತುಯ್ ಹುಷಾರಾಗಿ ಮನೆಗೆ ಬಂದ. ಬಾಳೆ ಮಾತ್ರ ಗೊನೆ ಹಾಕಲೇ ಇಲ್ಲ. ದಾಲಾ ದಿನಾ ಸ್ಕೂಲಿಂದ ಬಂದವಳೇ ಹಿತ್ತಲಿಗೆ ಓಡುತ್ತಿದ್ದಳು. ಮಳೆ ನಿಂತು ಚಳಿ ಶುರುವಾದಾಗ ಕೆಂಪು ಹೂಮೊಗ್ಗಿನ ಮೂತಿ ಕಾಣಿಸಿತು. ಕಾಯಿ ಬಲಿತು ಹಣ್ಣಾಗುವಷ್ಟರಲ್ಲಿ ಬಿಸಿಲುಕಾಲವೇ ಬಂದಿತ್ತು.

ಇವತ್ತು ಬೆಳಿಗ್ಗೆ ಎದ್ದು ನೋಡಿದರೆ ತುಯ್ ಮೆಟ್ಟಿಲ ಮೇಲೆ ಕೆನ್ನೆ ಹಿಡಿದು ಕೂತು ಮುಲುಗುತ್ತಿದ್ದ. ತುತ್ತು ಅನ್ನ ಮುಟ್ಟಲಿಲ್ಲ. ಕೆನ್ನೆ ಬಿಸಿಯಾಗಿತ್ತು. ಏನೂ ಆಗಿಲ್ಲ, ನೀನು ಹೊರಡು ಎಂದು ಅಮ್ಮ ಅವಳನ್ನು ಕಳಿಸಿದಳು. ಆದರೆ ದಾಲಾ, ಹರಕೆ ತಡವಾಯಿತು, ಅದಕ್ಕೇ ಜ್ವರ ವಾಪಸ್ ಬಂತು ಎಂದುಕೊಂಡಳು.

ಗಾಡಿ ಹತ್ತುವಾಗಲೇ ಅವಳು ಟೀಚರನ್ನು ಕೇಳಿದ್ದಳು, ಸಿ ಮುವಾಂಗ್‌ಗೂ ಹೋಗೋಣವಾ ಎಂದು. ಟೈಮಿದ್ದರೆ ನೋಡೋಣ ಎಂದಿದ್ದರು ಟೀಚರ್. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ.

ಮೊದಲು ಥಾಟ್ ಲುವಾಂಗ್. ಬಿಸಿಲಿಗೆ ಚಿನ್ನದ ಸ್ತೂಪ ಕಣ್ಣು ಕುಕ್ಕುತ್ತಿತ್ತು. ಒಂದೊಂದು ಜಾಗದಲ್ಲಿ ಒಬ್ಬೊಬ್ಬರು ಗೈಡ್ ಆಗಿ ವಿವರ ಹೇಳಬೇಕೆಂದು ಟೀಚರ್ ಮೊದಲೇ ಹಂಚಿದ್ದರು. ಇಲ್ಲಿ ದಾಲಾಳ ಸರದಿ. ಮನೆಯಲ್ಲಿ ಗಿಣಿಪಾಠ ಮಾಡಿದ್ದೆಲ್ಲ ಗಾಳಿಗೆ ಹೋಗಿತ್ತು.

“ಇದನ್ನ ರಾಜ ಸೆತ್ಥಾತಿರಾತ್ ಕಟ್ಟಿಸಿದ್ದು. ಇದರ ತುದಿ... ತುದಿ ಬಾಳೆ ಮೂತಿ ಥರ ಇದೆ,” ಎಂದಳು.

ಎಲ್ಲರೂ ಗೊಳ್ಳೆಂದು ನಕ್ಕರು. ತಾವರೆ ಮೊಗ್ಗು ಕಣೇ ಎಂದು ಯಾರೋ ಕೂಗಿದರು. ಬಾಳೆ ಮೂತಿ ಅನ್ನುವವರೂ ಇದ್ದಾರೆ, ತಪ್ಪೇನಿಲ್ಲ ಎಂದು ಟೀಚರ್ ಅವಳ ಬೆನ್ನು ತಟ್ಟಿದರು. ಆದರೆ ಒಂದು ಸಲ ಅವಳ ಮುಖವನ್ನೂ ಒಂದು ಸಲ ಆ ಬ್ಯಾಗನ್ನೂ ನೋಡಿದರು.

ಅಲ್ಲಿಂದ ಪತೂಸಾಯ್. ಅಷ್ಟು ದೊಡ್ಡ ಕಮಾನಿನ ಮೇಲೆ ಹತ್ತಿ ನಿಂತರೆ ಇಡೀ ಊರು ಕಾಣುತ್ತದೆ. ಮೆಟ್ಟಿಲು ಇಕ್ಕಟ್ಟು, ಬ್ಯಾಗುಗಳನ್ನೆಲ್ಲ ಕೆಳಗೆ ಪಾರ್ಕಿನಲ್ಲೇ ಬಿಡಿ ಎಂದರು ಟೀಚರ್. ಅರ್ಧ ಮಕ್ಕಳು ಮೇಲೆ ಹೋಗುವುದು, ಉಳಿದವರು ಡ್ರೈವರ್ ಮಾಮನ ಜೊತೆ ಮರದ ಕೆಳಗೆ ಚಾಪೆ ಹಾಸಿ ಊಟ ಜೋಡಿಸುವುದು, ಊಟವಾದ ಮೇಲೆ ಅದಲುಬದಲು. ದಾಲಾಗೆ ಬ್ಯಾಗ್ ಬಿಡಲು ಮನಸ್ಸಿರಲಿಲ್ಲ. ಆದರೆ ಟೀಚರ್ ಮಾತಿಗೆ ಎದುರಾಡುವುದು ಹೇಗೆ?

ಮೇಲೆ ತಂಪಾದ ಗಾಳಿ ಬೀಸುತ್ತಿತ್ತು. ಎಲ್ಲರೂ ತಂತಮ್ಮ ಮನೆ ಯಾವ ಕಡೆ ಎಂದು ಕೈ ತೋರಿಸುತ್ತಿದ್ದರು. ದಾಲಾ ಮಾತ್ರ ಸಿ ಮುವಾಂಗ್ ಗುಡಿಯ ಹೆಂಚಿನ ಮಾಡನ್ನು ಹುಡುಕುತ್ತಿದ್ದಳು. ಮರಗಳ ನಡುವೆ ಎಷ್ಟೋ ಗುಡಿಗಳು, ಎಲ್ಲವುಗಳ ಮಾಡೂ ಒಂದೇ ಥರ.

ಇಳಿದು ಬರುವಾಗ ಪಾರ್ಕಿನಲ್ಲಿ ಊಟ ಸಿದ್ಧವಾಗಿತ್ತು. ಚಾಪೆಯ ನಡುವೆ ಅಂಟಕ್ಕಿ ಅನ್ನದ ಬಿದಿರು ಬುಟ್ಟಿಗಳು, ಸುಟ್ಟ ಮೆಣಸಿನಕಾಯಿ ಚಟ್ನಿ, ಹುರಿದ ಒಣಮೀನು, ಕುಟ್ಟಿದ ಪರಂಗಿಕಾಯಿ. ಊಟಕ್ಕೆ ಕೂತಾಗ ಇದು ನಿನ್ನದು, ಇದು ನನ್ನದು ಎಂಬ ಮಾತು ಈ ಊರಿನಲ್ಲಿಲ್ಲ. ತಂದವರು ಯಾರೇ ಆಗಲಿ, ಬ್ಯಾಗಿನಲ್ಲಿದ್ದ ತಿಂಡಿಯೆಲ್ಲ ಚಾಪೆಯ ಮಧ್ಯಕ್ಕೆ ಬರಬೇಕು. ತನ್ನ ಪಾಲನ್ನು ಮುಚ್ಚಿಟ್ಟುಕೊಂಡು ತಿನ್ನುವವನಷ್ಟು ಕೆಟ್ಟವನು ಬೇರೆ ಇಲ್ಲ.

ಚಾಪೆಯ ಅಂಚಿನಲ್ಲಿ ಬಾಳೆಹಣ್ಣಿನ ಸಿಪ್ಪೆಗಳು ರಾಶಿ ಬಿದ್ದಿದ್ದವು.

ದಾಲಾ ನಿಂತಲ್ಲೇ ನಿಂತಳು. ಅವಳ ಬ್ಯಾಗು ಚಪ್ಪಟೆಯಾಗಿ ಮರಕ್ಕೆ ಒರಗಿತ್ತು. ಪೊಸಾಯ್‌ನ ಕೈಯಲ್ಲಿ ಅರ್ಧ ಹಣ್ಣು ಇತ್ತು, ಇನ್ನರ್ಧ ಬಾಯಲ್ಲಿತ್ತು.

“ಎಷ್ಟು ರುಚಿ ಇದೆ ಮಾರಾಯ್ತಿ, ಇದನ್ನೇನಾ ಅಷ್ಟು ಬಚ್ಚಿಟ್ಕೊಂಡಿದ್ದು?” ಎಂದ ಅವನು.

ದಾಲಾ ಅಲ್ಲೇ ಕುಸಿದು ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಳುವಿನ ನಡುವೆ ಮಾತು ತುಂಡು ತುಂಡಾಗಿ ಬಂತು: ಸಿ ಮುವಾಂಗ್, ತುಯ್, ಡೆಂಗ್ಯೂ, ಹಿತ್ತಲ ಬಾಳೆ. ಒಬ್ಬೊಬ್ಬರೇ ಅಗಿಯುವುದನ್ನು ನಿಲ್ಲಿಸಿದರು.

ಪೊಸಾಯ್ ನುಂಗಬೇಕೋ ಉಗಿಯಬೇಕೋ ಗೊತ್ತಾಗದೆ ಹಾಗೇ ಕೂತ. ಕೊನೆಗೆ ಬೇರೆ ದಾರಿ ಕಾಣದೆ ನುಂಗಿದ.

“ನಾನು ಹರಕೆ ಹಣ್ಣು ತಿಂದ್ಬಿಟ್ನಾ?” ಅವನ ಸ್ವರ ಕೇಳಿಸುವಂತೆಯೇ ಇರಲಿಲ್ಲ. “ನಂಗೆ ಈಗ್ಲೇ ಹೊಟ್ಟೆ ನೋಯ್ತಿದೆ.”

ಗುಡಿಯ ಗೇಟಿನ ಹತ್ತಿರ ಬೇರೆ ಬಾಳೆಹಣ್ಣು ತೊಗೊಂಡರಾಯಿತು ಎಂದಳು ಒಬ್ಬಳು. ಅದು ನಡೆಯಲ್ಲ, ಹಿತ್ತಲದ್ದು ಅಂತ ಹೇಳಿಕೊಂಡಿದ್ದಾಳಲ್ಲ ಎಂದಳು ಇನ್ನೊಬ್ಬಳು. ಹರಕೆಯ ವಿಷಯ ಎಂದರೆ ಹುಡುಗಾಟವೇ?

ವಿಲಾಯ್ ಟೀಚರ್ ದಾಲಾಳ ಪಕ್ಕ ಕೂತು ಎಲ್ಲವನ್ನೂ ಮೊದಲಿನಿಂದ ಕೇಳಿದರು. ಯಾರನ್ನೂ ಬಯ್ಯಲಿಲ್ಲ. ತುಯ್ ಬೆಳಿಗ್ಗೆ ಹೇಗಿದ್ದ ಎಂಬುದನ್ನು ಮಾತ್ರ ಎರಡು ಸಲ ಕೇಳಿದರು. ಆಮೇಲೆ ಎದ್ದು ಸೊಂಟಕ್ಕೆ ಸುತ್ತಿದ್ದ ರೇಷ್ಮೆ ಲುಂಗಿಯ ಧೂಳು ಕೊಡವಿ, ಸಿ ಸಾಕೇತ್ ಗುಡಿ ನೋಡಿದ ಮೇಲೆ ಸಿ ಮುವಾಂಗ್‌ಗೆ ಹೋಗುತ್ತೇವೆ, ಮಾರ್ಕೆಟ್ ನೋಡುವುದು ಕ್ಯಾನ್ಸಲ್ ಎಂದರು. ಮಾರ್ಕೆಟ್‌ಗಾಗಿ ವಾರದಿಂದ ಕಾಯುತ್ತಿದ್ದವರು ಕೂಡ ತುಟಿಪಿಟಕ್ಕೆನ್ನಲಿಲ್ಲ.

ಸಿ ಸಾಕೇತ್ ಗುಡಿಯ ಗೋಡೆಗಳ ತುಂಬ ಪುಟ್ಟ ಪುಟ್ಟ ಗೂಡುಗಳು, ಗೂಡುಗಳ ತುಂಬ ಬುದ್ಧರು. ಪೊಸಾಯ್ ಒಂದು ಗೂಡನ್ನೂ ಬಿಡದೆ ಕೈಮುಗಿಯುತ್ತಾ ಹೋದ. ಉಳಿದ ಅರ್ಧ ಹಣ್ಣನ್ನು ಎಲೆಯಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡಿದ್ದ. ಬೇರೆ ದಿನವಾಗಿದ್ದರೆ ದಾಲಾ ನಕ್ಕೇಬಿಡುತ್ತಿದ್ದಳು.

ಸಿ ಮುವಾಂಗ್‌ನಲ್ಲಿ ಊದುಬತ್ತಿಯ ಹೊಗೆ, ಹೂವಿನ ವಾಸನೆ. ಕಲ್ಲುಬುದ್ಧನ ಪಕ್ಕ ಬಿಳಿ ಬಟ್ಟೆಯ ಅಜ್ಜಿಯೊಬ್ಬಳು ಕೂತಿದ್ದಳು. ತಲೆ ಬೋಳಿಸಿಕೊಂಡು ಗುಡಿಯಲ್ಲೇ ಇರುವವಳು. ಜನ ತಂದ ಹಣ್ಣುಹೂವನ್ನು ಜೋಡಿಸಿಡುವುದು ಅವಳ ಕೆಲಸ. ದಾಲಾ ಮಂಡಿಯೂರಿ ನಡೆದದ್ದೆಲ್ಲವನ್ನೂ ಹೇಳಿದಳು. ಅವಳ ಹಿಂದೆ ಇಡೀ ಕ್ಲಾಸು ತಪ್ಪಿತಸ್ಥರ ಹಾಗೆ ಮಂಡಿಯೂರಿತ್ತು.

“ತಿಂದೋರು ಯಾರು?” ಅಜ್ಜಿ ಕೇಳಿದಳು.

ಪೊಸಾಯ್ ಮುಂದೆ ಬಂದು ಎರಡೂ ಕೈಯಲ್ಲಿ ಅರ್ಧ ಹಣ್ಣನ್ನು ಚಾಚಿದ. “ಎಲ್ಲರೂ ತಿಂದ್ವಿ ಅಜ್ಜಿ. ನಾನು ಜಾಸ್ತಿ ತಿಂದೆ. ಇಷ್ಟು ಉಳಿದಿದೆ. ಸ್ವಲ್ಪ ಕಚ್ಚಿದೀನಿ.”

“ಸಿಹಿ ಇತ್ತಾ?”

“ತುಂಬಾ ಸಿಹಿ ಇತ್ತು ಅಜ್ಜಿ,” ಎಂದ ಅವನು ಅಳುವ ದನಿಯಲ್ಲಿ.

ಅಜ್ಜಿಗೆ ನಗು ತಡೆಯಲಾಗಲಿಲ್ಲ. ಹಲ್ಲಿಲ್ಲದ ಬಾಯಿ ತೆರೆದು ಮೈ ಕುಲುಕುವಷ್ಟು ನಕ್ಕಳು. ಆಮೇಲೆ ಮೂಲೆಯಲ್ಲಿದ್ದ ಬುಟ್ಟಿಗಳನ್ನು ತೋರಿಸಿದಳು. ಬೆಳಗಿನಿಂದ ಬಂದ ಬಾಳೆಹಣ್ಣು ಅವುಗಳ ತುಂಬ ಇತ್ತು.

“ಸಂಜೆಗೆ ಇದೆಲ್ಲ ಏನಾಗುತ್ತೆ ಅನ್ಕೊಂಡೆ ಮಗಳೇ? ದಿಂಬಿನ ಮೇಲೆ ಕೂತಿರೋ ಇವರು ಎದ್ದು ತಿಂತಾರಾ? ಈ ಬೀದಿ ಮಕ್ಕಳೆಲ್ಲ ಬಂದು ತಿಂದ್ಕೊಂಡು ಹೋಗ್ತಾರೆ. ನಿನ್ನ ಹಣ್ಣನ್ನೂ ಮಕ್ಕಳೇ ತಿಂದ್ರು. ಸ್ವಲ್ಪ ಬೇಗ ತಿಂದ್ರು, ಅಷ್ಟೆ.”

“ಆದ್ರೆ ತಮ್ಮಂಗೆ ಮತ್ತೆ ಜ್ವರ ಬಂದಿದೆ ಅಜ್ಜಿ. ನಾನು ತಡ ಮಾಡಿದ್ದಕ್ಕೆ.”

ಅಜ್ಜಿ ನಗು ನಿಲ್ಲಿಸಿ ಅವಳ ಗಲ್ಲ ಹಿಡಿದಳು. “ಗಿಡ ಗೊನೆ ಹಾಕೋವರೆಗೂ ಕಾದಿದೀಯ. ಇವರೂ ಕಾದಿದಾರೆ. ಮನೆಗೆ ಬಂದು ಮಕ್ಕಳನ್ನ ಹಿಡ್ಕೊಂಡು ಹೋಗೋಕೆ ಇವರೇನು ಪೊಲೀಸಾ?”

ಉಳಿದ ಅರ್ಧ ಹಣ್ಣನ್ನು ನೀನೇ ಮುಗಿಸು ಎಂದು ಅವಳು ಪೊಸಾಯ್‌ಗೆ ಹೇಳಿದಳು. ಅವನು ಔಷಧಿ ತಿನ್ನುವವನಂತೆ ಕಣ್ಣು ಮುಚ್ಚಿ ತಿಂದ. ಎಲ್ಲರಿಗಿಂತ ಹೆಚ್ಚು ಹೆದರಿದವನು ಇವನೇ ಎಂದು ಅವನ ಮಣಿಕಟ್ಟಿಗೆ ರಕ್ಷೆಯ ಬಿಳಿ ದಾರವನ್ನೂ ಕಟ್ಟಿದಳು. ಹೊಟ್ಟೆನೋವು ಅಲ್ಲಿಗೇ ನಿಂತಿತು.

ದಾಲಾಗೆ ಇನ್ನೂ ಸಮಾಧಾನವಾಗಿರಲಿಲ್ಲ. ಇನ್ನೊಮ್ಮೆ ಮೂರ್ತಿಯನ್ನು ಎತ್ತಿ, ತುಯ್‌ನ ಜ್ವರ ಇಳಿಯಲಿ ಎಂದು ಬೇಡಿಕೊಳ್ಳೋಣ ಅಂದುಕೊಂಡಳು. ಅಷ್ಟರಲ್ಲಿ ಹೊರಗಡೆಯಿಂದ ವಿಲಾಯ್ ಟೀಚರ್ ಕರೆದರು. ಅವರ ಕೈಯಲ್ಲಿ ಫೋನಿತ್ತು. ಅಮ್ಮನಿಗೆ ಆಗಿನಿಂದಲೂ ಫೋನ್ ಮಾಡುತ್ತಿದ್ದರು, ಈಗ ಸಿಕ್ಕಿದ್ದಳು.

ಫೋನಿನಲ್ಲಿ ತುಯ್. “ಅಕ್ಕಾ, ನನ್ ಹಲ್ಲು ಬಿತ್ತು!”

“ಏನು ಬಿತ್ತು?”

“ಹಲ್ಲು ಕಣೇ, ಕೆಳಗಿಂದು. ಬೆಳಿಗ್ಗೆಯಿಂದ ಎಷ್ಟು ನೋಯ್ತಿತ್ತು ಗೊತ್ತಾ? ಈಗ ಎರಡು ಬಟ್ಟಲು ನೂಡಲ್ಸ್ ತಿಂದೆ. ಅಮ್ಮ ಅದನ್ನ ಮಾಡಿನ ಮೇಲೆ ಎಸಿ ಅಂತಾಳೆ. ನೀನು ಬರೋವರ್ಗೂ ನಾನು ಎಸೆಯಲ್ಲ.”

ಹಿಂದಿನಿಂದ ಅಮ್ಮ ನಗುವುದು ಕೇಳಿಸಿತು. ಜ್ವರವಿಲ್ಲ, ಏನೂ ಇಲ್ಲ, ನಿನ್ನ ತಮ್ಮನ ರಂಪ ಅಷ್ಟೆ ಎಂದಳು. ದಾಲಾ ಫೋನನ್ನು ಟೀಚರ್ ಕೈಗಿತ್ತು ಗುಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟಳು. ನಗುವೂ ಬಂತು, ಕಣ್ಣೀರೂ ಬಂತು. ಪೊಸಾಯ್ ಸುದ್ದಿ ಕೇಳಿ ಗಾಡಿಯವರೆಗೂ ಕುಣಿದುಕೊಂಡೇ ಹೋದ.

ಹೊರಡುವ ಮುಂಚೆ ದಾಲಾ ಇನ್ನೊಂದು ಸಲ ಒಳಗೆ ಹೋದಳು. ಕಲ್ಲುಬುದ್ಧನ ಮುಂದೆ ಮಂಡಿಯೂರಿ ಕೈ ಚಾಚಿದಳು. ಕಲ್ಲು ತಣ್ಣಗಿತ್ತು. ಏನು ಕೇಳಲಿ ಎಂದು ಯೋಚಿಸಿದಳು. ಕೇಳುವುದಕ್ಕೆ ಏನೂ ನೆನಪಾಗಲಿಲ್ಲ. ಮೂರ್ತಿಯನ್ನು ಎತ್ತದೆ ಸುಮ್ಮನೆ ಕೈಮುಗಿದಳು.

ಹಿಂದೆ ಯಾರೋ ಕಾಯುತ್ತಿದ್ದರು. ತಿರುಗಿ ನೋಡಿದರೆ ಒಬ್ಬ ಅಕ್ಕ. ಅವಳ ಕೈಯಲ್ಲಿ ಆಸ್ಪತ್ರೆಯ ಪ್ಲಾಸ್ಟಿಕ್ ಚೀಲ ಇತ್ತು. ಕೂದಲು ಬಾಚಿರಲಿಲ್ಲ, ಕಣ್ಣು ಕೆಂಪಗಿತ್ತು. ಮಳೆಗಾಲದಲ್ಲಿ ಅಮ್ಮನೂ ತಾನೂ ಹೀಗೇ ಇದ್ದೆವಲ್ಲ ಎಂದು ದಾಲಾಗೆ ಅನ್ನಿಸಿತು.

ಅವಳು ಬೇಗ ಸರಿದು ಜಾಗ ಬಿಟ್ಟಳು. ಎರಡು ಹೆಜ್ಜೆ ಹೋದವಳು ವಾಪಸ್ ಬಂದು ಮಂಡಿಯೂರಿದ್ದ ಆ ಅಕ್ಕನ ಕಿವಿಯ ಹತ್ತಿರ ಬಗ್ಗಿದಳು.

“ಅಕ್ಕಾ, ಅದು ಭಾರ ಇದೆ, ಎರಡೂ ಕೈಯಲ್ಲಿ ಹಿಡ್ಕೊಳ್ಳಿ. ಆಮೇಲೆ... ಹರಕೆ ಹೊರೋದಾದ್ರೆ ಗೇಟ್ ಹತ್ರ ಸಿಗೋದನ್ನೇ ಹೇಳ್ಕೊಳ್ಳಿ.”

ಆ ಅಕ್ಕ ತಲೆಯೆತ್ತಿ ಅವಳನ್ನು ನೋಡಿದಳು. ಕೆಂಪಾದ ಕಣ್ಣುಗಳಲ್ಲಿ ಒಂದು ಚೂರು ನಗು ಕಾಣಿಸಿತು. ಚೀಲವನ್ನು ಕೆಳಗಿಟ್ಟು, ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು ಮೂರ್ತಿಯನ್ನು ಎತ್ತಿದಳು.