ಕೊಳದ ಆಚೆ ಬದಿಯವನು

"ನಿಲ್ಲಿ! ಹೆಜ್ಜೆ ನಿಲ್ಲಿಸಿ ಅಂದೆ!"

ಕೊಳದ ಆಚೆ ಬದಿಯಿಂದ ಬಂದ ದನಿಗೆ ಅವಳು ಬೆಚ್ಚಿಬಿದ್ದಳು. ಕೈಯಲ್ಲಿದ್ದ ಹಗ್ಗ ಜಾರಿತು. ನೀರಿನ ಮೇಲೆ ನೇರವಾಗಿ ಹರಡಬೇಕಿದ್ದ ನೀಲಿ ಹೊದಿಕೆ ಸೊಟ್ಟಗೆ ತಿರುಚಿಕೊಂಡು ನಿಂತಿತು.

"ಇಬ್ಬರೂ ಸಮಸಮ ನಡೀಬೇಕು. ನೀವು ಓಡಿದ್ರೆ ಇದು ಹರಿದುಹೋಗುತ್ತೆ. ಹಗಲೆಲ್ಲ ಬಿಸಿಲಲ್ಲಿ ಕಾದ ನೀರು ಬೆಳಗಾಗೋದ್ರೊಳಗೆ ತಣ್ಣಗಾಗುತ್ತೆ!"

ಮೊದಲ ದಿನವೇ ಬೈಗುಳ... ಎಂಥಾ ಸಿಡುಕ!

ಬಡಾವಣೆಯ ಜನರೆಲ್ಲ ಸೇರಿ ಕಟ್ಟಿಕೊಂಡ ಈಜುಕೇಂದ್ರವದು. ಚಾವಣಿಯ ಮೇಲಿನ ಸೌರಫಲಕಗಳೇ ನೀರು ಕಾಯಿಸಬೇಕು, ಬಾಯ್ಲರ್ ಇಲ್ಲ. ಅವಳು ಮಕ್ಕಳಿಗೆ ಈಜು ಕಲಿಸುವ ಟೀಚರ್. ಅವನು ನೀರಿನ ಉಸ್ತುವಾರಿ. ಒಂದು ಡಿಗ್ರಿ ಇಳಿದರೂ ಮುಖ ಗಂಟಿಕ್ಕುವ ಅವನಿಗೆ ಮಕ್ಕಳು ಇಟ್ಟ ಹೆಸರು 'ಬಿಸಿನೀರು ಮಾಮ'.

ಸಂಜೆ ಆರಕ್ಕೆ ಕೊನೆಯ ಮಗು ಹೊರಟ ಮೇಲೆ ಇಬ್ಬರೂ ಕೊಳದ ಒಂದೊಂದು ಬದಿಯಲ್ಲಿ ಹಗ್ಗ ಹಿಡಿದು ಹೊದಿಕೆ ಎಳೆಯುತ್ತಿದ್ದರು. ಒಂದು ವರ್ಷ ಹಾಗೇ ನಡೆದರು. ನಡುವೆ ಯಾವಾಗಲೂ ಅಷ್ಟಗಲ ನೀರು. ಅದರ ಮೇಲಿಂದಲೇ ಮಾತು ಶುರುವಾಯಿತು, ನಗು ಬಂತು. ಅವಳಿಗೆ ಅವನ ಮೇಲೆ ಮನಸ್ಸಾಯಿತು. ಇತ್ತೀಚೆಗಂತೂ ಅವನು ತೀರ ನಿಧಾನವಾಗಿ ನಡೆಯುತ್ತಿದ್ದ. ನನ್ನ ಜೊತೆ ಇನ್ನೆರಡು ನಿಮಿಷ ಇರೋಕೇ ಇರಬೇಕು ಅಂತ ಒಳಗೊಳಗೇ ಹಿಗ್ಗಿದ್ದಳು.

ಅವಳಲ್ಲಿ ಒಂದು ಗುಟ್ಟಿತ್ತು. ಆರು ತಿಂಗಳಿಂದ ಬಲಭುಜ ನೋಯುತ್ತಿತ್ತು. ಜಡೆ ಹೆಣೆದುಕೊಳ್ಳಲೂ ಅಮ್ಮ ಬೇಕು. "ಡಾಕ್ಟರಿಗೆ ತೋರಿಸೇ" ಎಂದು ಅಮ್ಮ ಗೋಗರೆದರೂ ಕೇಳಲಿಲ್ಲ. ನೀರಿಗೆ ಇಳಿಯಬೇಡ ಅಂದುಬಿಟ್ಟರೆ...? ಈಜು ಬಿಟ್ಟರೆ ಅವಳಿಗೆ ಬೇರೇನೂ ಬರುತ್ತಿರಲಿಲ್ಲ.

ಒಂದು ದಿನ ಕೇಂದ್ರದ ಕಾರ್ಯದರ್ಶಿ ಮೇಡಂ ಕರೆದರು.

"ನಾಳೆಯಿಂದ ನೀನು ಬೆಳಗಿನ ಪಾಳಿಗೆ ಬಾಮ್ಮ. ಹೊದಿಕೆ ಎಳೆಯೋಕೆ ಮೋಟಾರ್ ಬರ್ತಿದೆ. ಅದನ್ನ ಹಾಕಿಸಿದ್ರೆ ಸಂಜೆ ಒಬ್ಬರೇ ಸಾಕು ಅಂತ ಆ ಬಿಸಿನೀರು ಮಾಮನೇ ಬರ್ಕೊಟ್ಟ. ಮೂರು ಸಲ ಬರೆದ, ಪುಣ್ಯಾತ್ಮ!"

ಅವನೇ...! ಇಷ್ಟು ದಿನ ಎದುರಿಗೆ ನಡೆದವಳು ಅವನಿಗೆ ಅಷ್ಟು ಬೇಡವಾದಳೇ? ನಾನೊಬ್ಬಳೇ ಏನೇನೋ ಕಟ್ಟಿಕೊಂಡೆನಲ್ಲ, ಹುಚ್ಚಿ...

ಪ್ರೀತಿಸುವವರಿಗೆ ನೋಡಿ, ನೇರವಾಗಿ ಕೇಳುವುದೊಂದು ಬಿಟ್ಟು ಮಿಕ್ಕೆಲ್ಲ ಬರುತ್ತದೆ!

ಸಂಜೆ ಅವಳು ಅವನತ್ತ ಕಣ್ಣೆತ್ತಲಿಲ್ಲ. ಹಗ್ಗ ಹಿಡಿದು ಬಿರಬಿರನೆ ನಡೆದಳು. ಅರ್ಧಕ್ಕೆ ಬರುವಷ್ಟರಲ್ಲಿ ಭುಜ ಚುಳ್ಳೆಂದಿತು. ಹಗ್ಗ ಬಿಟ್ಟು, ತೋಳು ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು.

ಅವನು ಕೈಯಲ್ಲಿದ್ದುದನ್ನು ಬಿಸಾಕಿ, ಕೊಳ ಸುತ್ತಿಕೊಂಡು ಓಡಿಬಂದ.

"ಹೋಗಿ, ಹೊದಿಸಿ! ಬಿಸಿಯೆಲ್ಲ ಹೋಗ್ತಿದೆ," ಅಳು ನುಂಗುತ್ತಾ ಅಂದಳು.

"ಹೋಗ್ಲಿ ಬಿಡಿ. ತುಂಬಾ ನೋಯ್ತಿದೆಯಾ?"

"ನಿಮಗೇನು? ನಾನು ಬೇಡ ಅಂತ ಮೂರು ಸಲ ಬರೆದ್ರಂತಲ್ಲ... ನಾಳೆಯಿಂದ ಒಬ್ಬರೇ ಆರಾಮಾಗಿರಿ!"

ಅವನು ಒದ್ದೆ ನೆಲದ ಮೇಲೆ ಎದುರಿಗೇ ಕೂತ.

"ಆರು ತಿಂಗಳಿಂದ ಹೊದಿಕೆ ನಿಮ್ಮ ಕಡೆ ಹಿಂದೆ ಬೀಳ್ತಿದೆ ಟೀಚರ್. ಅದಕ್ಕೇ ನಾನು ನಿಧಾನ ಮಾಡ್ದೆ. ನೀವು ಎಡಗೈಗೆ ಹಗ್ಗ ಬದಲಾಯಿಸೋದನ್ನೂ ನೋಡಿದೆ. ಭುಜದ ವಿಷಯ ಬರೆದ್ರೆ ನಿಮ್ಮ ಪಾಠ ನಿಲ್ಲಿಸ್ತಾರೆ. ಹಾಗಾಗಿ ಮೋಟಾರ್ ಹಾಕಿಸಿದ್ರೆ ಒಬ್ಬರೇ ಸಾಕು ಅಂತಷ್ಟೇ ಬರೆದೆ. ಪಾಳಿನೇ ಬದಲಾಯಿಸ್ತಾರೆ ಅಂತ ಹೊಳೀಲೇ ಇಲ್ಲ..."

ಅವಳು ಕಣ್ಣೆತ್ತಿ ಅವನನ್ನು ನೋಡಿದಳು.

"ನನ್ನನ್ನೇ ಒಂದು ಮಾತು ಕೇಳಬಾರದಿತ್ತಾ?"

"ಕೇಳಿದ್ರೆ ನೋವೇ ಇಲ್ಲ ಅಂತಿದ್ರಿ."

ನಿಜವೇ! ಅವಳು ತಲೆ ತಗ್ಗಿಸಿದಳು.

"ಮೋಟಾರ್ ಬಂದ್ರೆ ನಿಮ್ಮ ಜೊತೆಗಿನ ನಡಿಗೆ ಇರಲ್ಲ ಅಂತ ಗೊತ್ತಿತ್ತು. ದಿನವಿಡೀ ಅದಕ್ಕೇ ಕಾಯ್ತಿದ್ದೆ ನಾನು. ಆದ್ರೂ ಬರೆದೆ... ನಿಮ್ಮನ್ನ ಅಷ್ಟು ಇಷ್ಟಪಡ್ತೀನಿ."

ಆರು ತಿಂಗಳು ಒಬ್ಬಳೇ ಹೊತ್ತ ಭಯವೆಲ್ಲ ಕಣ್ಣೀರಾಗಿ ಹರಿಯಿತು.

"ನಾಳೆ ಡಾಕ್ಟರ ಹತ್ರ ಹೋಗ್ತೀನಿ. ಮೇಡಂಗೂ ನಾನೇ ಹೇಳ್ತೀನಿ. ಈಜಬೇಡ ಅಂದುಬಿಟ್ರೆ...?"

"ದಡದಲ್ಲಿ ನಿಂತು ಕಲಿಸಿ. ಮಕ್ಕಳು ನಿಮ್ಮ ದನಿಗೇ ಅರ್ಧ ಈಜಿಬಿಡ್ತಾರೆ."

ಅಳುವಿನ ನಡುವೆ ಅವಳಿಗೆ ನಗು ಬಂತು.

"ಡಾಕ್ಟರ ಹತ್ರ ನಾನೂ ಜೊತೆಗೆ ಬರಲಾ?"

"ಇವರು ಯಾರು ಅಂತ ಕೇಳ್ತಾರೆ ಅಲ್ಲಿ."

"ಏನಂತೀರಾ?"

ಅವಳು ಎಡಗೈ ಚಾಚಿ ಅವನ ಬೆರಳು ಹಿಡಿದಳು.

"ನಮ್ಮನೆಯವರು ಅಂತೀನಿ."