ಎಡಬಾಗಿಲಿನ ತಗ್ಗು

"ತಾಡಪತ್ರಿಗೆ ಕೈ ಹಚ್ಚಬ್ಯಾಡ್ರಿ!"

ಹುಮೇರಾಳ ದನಿಗೆ ಆಸಿಂನ ಕೈ ಅಲ್ಲೇ ನಿಂತಿತು.

ಕಂಟೋನ್ಮೆಂಟಿನ ಆ ಮನೆಯ ಅಂಗಳದಲ್ಲಿ, ಬೇವಿನ ಮರದ ಕೆಳಗೆ, ಪ್ಲಾಸ್ಟಿಕ್ ತಾಡಪತ್ರಿ ಹೊದ್ದು ಹಗ್ಗ ಬಿಗಿಸಿಕೊಂಡು ಕೂತಿತ್ತು ಅವಳ ಅಬ್ಬಾನ ಕಾರು. ಶಾರ್ಜಾದಲ್ಲಿ ದುಡಿದು ಮರಳುವಾಗ ಅಪ್ಪ ಉಸ್ಮಾನಸಾಬ್ ಹಡಗಿನಲ್ಲಿ ತಂದಿದ್ದ ಕೆಂಪು ಟೊಯೋಟಾ ಸೆಲಿಕಾ. ಎರಡೇ ಬಾಗಿಲು, ಎಡಕ್ಕೆ ಸ್ಟೇರಿಂಗು, ಸ್ವಿಚ್ ಒತ್ತಿದರೆ ಮೇಲೆದ್ದು ಬರುವ ಹೆಡ್‌ಲೈಟು!

"ಮತ್ತ ನನ್ನ ಯಾಕ ಕರಸೀರಿ?"

ಸಿರುಗುಪ್ಪದಿಂದ ಆ ಬಿಸಿಲಲ್ಲಿ ಬೈಕ್ ಓಡಿಸಿಕೊಂಡು ಬಂದ ಮೆಕ್ಯಾನಿಕ್‌ಗೆ ಸಿಟ್ಟು ಬರದೆ ಇರುತ್ತದೆಯೇ?

"ನಾ ಕರಸಿಲ್ಲ. ಅಮ್ಮಿ ಕರಸ್ಯಾಳ."

ಅಷ್ಟರಲ್ಲಿ ಅವಳ ತಾಯಿ ಮಾಸುಮಾಬಿ ಹೊರಬಂದು ತಾನೇ ಹಗ್ಗ ಬಿಚ್ಚಿದಳು. ತಾಡಪತ್ರಿಯ ಒಳಮೈಯೆಲ್ಲ ಒದ್ದೆ. ಕಾರಿನ ಬಣ್ಣ ಗುಳ್ಳೆ ಎದ್ದು, ಅಂಚಿನಲ್ಲೆಲ್ಲ ತುಕ್ಕು.

"ಗಣಿ ಧೂಳು ಬೀಳಬಾರ್ದಂತ ಬಿಗಿಯಾಗಿ ಮುಚ್ಚಿದ್ದೆ..." ಎಂದಳು ಹುಮೇರಾ.

"ಧೂಳು ಒರಸಿದ್ರ ಹೋಗ್ತಿತ್ತ್ರಿ. ಗಾಳಿ ಆಡಾಕ ಜಾಗ ಬಿಡದಂಗ ಕಟ್ಟೀರಿ, ಒಳಗ ತೇವ ಕೂತೈತಿ."

ಬೇರೆ ಯಾರಾದರೂ ಆಗಿದ್ದರೆ ಅಲ್ಲೇ ಕಣ್ಣೀರು ಹಾಕುತ್ತಿದ್ದರು. ಇವಳು ಬರೀ "ಹೂಂ" ಅಂದಳು! ಅಬ್ಬಾ ತೀರಿಕೊಂಡ ದಿನವೂ ಈ ಹುಡುಗಿ ಅತ್ತಿರಲಿಲ್ಲ. ಗಾಂಧಿನಗರದ ಕನ್ನಡಕದಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದಳು, ಬರುತ್ತಿದ್ದಳು, ಉಣ್ಣುತ್ತಿದ್ದಳು. ಒಳಗೆ ಏನೂ ಅನ್ನಿಸುತ್ತಿರಲಿಲ್ಲ. ಸಂಕಟವೂ ಇಲ್ಲ, ಸಂತೋಷವೂ ಇಲ್ಲ. ಅಬ್ಬಾನದು ಅಂತ ಅವಳಿಗೆ ಉಳಿದದ್ದು ಈ ಕಾರೊಂದೇ.

ಟೈರು ನೆಲಕ್ಕೆ ಕೂತಿದ್ದರಿಂದ ಕೆಲಸ ಅಂಗಳದಲ್ಲೇ ಶುರುವಾಯಿತು. ಆಸಿಂ ಭಾನುವಾರ ಭಾನುವಾರ ಬರತೊಡಗಿದ.

"ನಿಂತು ನೋಡಿದ್ರ ತುಕ್ಕು ಹೋಗಂಗಿಲ್ರಿ. ತಗೋರ್ರಿ, ಉಜ್ಜರ್ರಿ," ಎಂದು ಎಮರಿ ಪೇಪರ್ ಕೊಟ್ಟ.

ಅವಳು ಉಜ್ಜಿದಳು. ಎಡಬಾಗಿಲಿನ ತಗ್ಗಿನ ಹತ್ತಿರ ಬಂದಾಗ ಮಾತ್ರ ಅದನ್ನು ಸವರುತ್ತ ನಿಂತುಬಿಡುತ್ತಿದ್ದಳು. ಕಾರ್ಬೊರೇಟರಿನ ತುಂಡುಗಳನ್ನು ಅಮ್ಮಿಯ ಟಿಫಿನ್ ಡಬ್ಬಿಯಲ್ಲೇ ಪೆಟ್ರೋಲಿಗೆ ನೆನೆಹಾಕಿದಳು. ಮಾಸುಮಾಬಿ ಕೂಗಾಡಿದ್ದೇ ಕೂಗಾಡಿದ್ದು! ಆಸಿಂ ನಕ್ಕ. ಹುಮೇರಾ ನಗಲಿಲ್ಲ. ಆದರೆ ಅವನು ನಗುವುದನ್ನು ನೋಡಿದಳು.

ಒಮ್ಮೆ ತಗಡಿನ ಅಂಚು ಅವಳ ಬೆರಳು ಸೀಳಿತು.

"ಅಯ್ಯೋ, ರಕ್ತ ಬರಾಕತ್ತೈತಿ! ಉರಿಯಾಕತ್ತಿಲ್ಲೇನ್ರಿ?"

"ಇಲ್ಲ."

ಅವನು ಕರ್ಚೀಫು ಸುತ್ತಿ ಕಟ್ಟಿದ. ಕಟ್ಟಿದ ಮೇಲೂ ಕೈ ಬಿಡಲಿಲ್ಲ.

"ಉರೀಬೇಕಿತ್ತಲ್ರಿ ಹುಮೇರಾ..." ಎಂದ ಮೆತ್ತಗೆ.

ಅವಳಿಗೆ 'ಇವನ್ಯಾಕೆ ಇಷ್ಟು ನೊಂದುಕೊಂಡ?' ಎಂದು ಮಾತ್ರ ಅನ್ನಿಸಿತು. ಅನ್ನಿಸಿತು ಅನ್ನುವುದೇ ಅವಳಿಗೆ ಹೊಸದು!

ಎಂಜಿನ್ ಗುಡುಗಿತು. ಬ್ರೇಕು ಸರಿಹೋಯಿತು, ಹೊಸ ಟೈರು ಬಂದವು. ಇನ್ನು ಉಳಿದದ್ದು ಬಣ್ಣ ಮಾತ್ರ. ಆ ಭಾನುವಾರ ಹುಮೇರಾ ಪೇಟೆಯಿಂದ ಬಂದವಳು ಕಾರಿನ ಮುಂದೆ ನಿಂತೇಬಿಟ್ಟಳು.

"ಎಡಬಾಗಿಲಿನ ತಗ್ಗು... ಎಲ್ಲಿ?"

ಬಾಗಿಲು ನುಣ್ಣಗಿತ್ತು. ಮೇಲೆ ಬೂದು ಪ್ರೈಮರ್ ಬಳಿದಿತ್ತು. ಆಸಿಂ ಒಮ್ಮೆ ಅಡುಗೆಮನೆಯ ಕಿಟಕಿಯತ್ತ ನೋಡಿದ.

"ನಾನೇ ತಗದೆ. ಚೆಂದ ಕಾಣ್ತೈತಂತ..."

ಅದು ಬರೀ ತಗ್ಗೇ? ಕುರುಗೋಡಿನ ರಸ್ತೆಯಲ್ಲಿ ಅಬ್ಬಾ ಅವಳಿಗೆ ಡ್ರೈವಿಂಗ್ ಕಲಿಸುವಾಗ ಅವಳು ಈ ಬಾಗಿಲನ್ನು ಮೈಲಿಗಲ್ಲಿಗೆ ಉಜ್ಜಿಬಿಟ್ಟಿದ್ದಳು. ಹೆದರಿ ಅಳುತ್ತಿದ್ದ ಮಗಳಿಗೆ ಅಬ್ಬಾ ನಗುತ್ತ ಹೇಳಿದ್ದ, "ಇರ್ಲಿ ಬಿಡು ಬೇಟಾ, ಗಾಡಿಗೆ ನಿನ್ನ ಸಹಿ ಬಿತ್ತು. ಇದನ್ನ ನಾ ತಗಸಂಗಿಲ್ಲ."

"ಯಾರನ್ನ ಕೇಳಿ ತಗದ್ರಿ?" ಅವಳು ಕೂಗಲಿಲ್ಲ. ದನಿ ತಣ್ಣಗಿತ್ತು. "ಮತ್ತ ಮಾಡಿಕೊಡ್ರಿ."

"ಬಡಿದು ಮಾಡಬೌದು. ಆದ್ರ ಅದು ನನ್ನ ತಗ್ಗಾಗ್ತೈತಿ, ನಿಮ್ಮದಲ್ಲ."

"ಹಂಗಾದ್ರ ಹೋಗ್ರಿ. ಇನ್ನ ಬರಬ್ಯಾಡ್ರಿ."

ಅವನು ಕೀಲಿಯನ್ನು ಬಾನೆಟ್ಟಿನ ಮೇಲಿಟ್ಟು ಹೊರಟುಹೋದ.

ಭಾನುವಾರಗಳು ಬಂದವು. ಗೇಟಿನಲ್ಲಿ ಬೈಕಿನ ಸದ್ದಿಲ್ಲ. ಹುಮೇರಾ ಮತ್ತೆ ತಾಡಪತ್ರಿ ಹೊದಿಸಲು ಹೋದಾಗ ಮಾಸುಮಾಬಿ ಅವಳ ಕೈ ಹಿಡಿದುಕೊಂಡಳು.

"ಆ ತಗ್ಗು ತಗಿ ಅಂದಾಕಿ ನಾನು, ಬೇಟಿ."

"ಅಮ್ಮಿ!"

"ಅದನ್ನ ಸವರಕೋತ ನಿಂತಲ್ಲೇ ನಿಂತುಬಿಡ್ತಿದ್ದಿ. ನನ್ನಿಂದ ನೋಡಾಕ ಆಗ್ಲಿಲ್ಲ. ಅವ ಬ್ಯಾಡ ಅಂದ, ಮಗಳನ್ನ ಕೇಳ್ರಿ ಅಂದ. ನಾನೇ ಕೈಮುಗಿದೆ..."

"ಮತ್ತ ಅವ್ರು ನಾನೇ ಅಂದ್ರಲ್ಲ?"

"ನಿನಗ ಇರಾಕಿ ನಾನೊಬ್ಬಾಕಿ. ನನ್ನ ಮ್ಯಾಲೂ ಸಿಟ್ಟಾದ್ರ ನೀ ಯಾರ್ ಜೋಡಿ ಮಾತಾಡ್ತಿ ಅಂತ, ಅವ ತನ್ನ ಮ್ಯಾಲೆ ಹಾಕ್ಕೊಂಡ."

ಹುಮೇರಾ ಹಿಡಿ ಸಡಿಲಿಸಿದಳು. ತಾಡಪತ್ರಿ ಕೆಳಗೆ ಬಿತ್ತು.

ಆ ಮೈಲಿಗಲ್ಲಿನ ನಂತರ ಅವಳು ಸ್ಟೇರಿಂಗ್ ಮುಟ್ಟಿರಲಿಲ್ಲ. ಈಗ ಕೂತು ಸಿರುಗುಪ್ಪದ ದಾರಿ ಹಿಡಿದಳು. ಒಂದು ಬಾಗಿಲು ಬೂದು, ಉಳಿದದ್ದೆಲ್ಲ ಕೆಂಪು ತೇಪೆ ತೇಪೆ... ದಾರಿಯಲ್ಲಿ ತೆಕ್ಕಲಕೋಟೆಯಲ್ಲಿ ಜನ ನಿಂತು ನೋಡಿದರು. ನೋಡಲಿ! ಅವಳು ಗಾಡಿ ನಿಲ್ಲಿಸಲಿಲ್ಲ.

ಸಿರುಗುಪ್ಪದಲ್ಲಿ ಆಸಿಂನ ಗ್ಯಾರೇಜು ಕಂಡಿತು. ಬಾಗಿಲಲ್ಲಿ ಅವನೇ ನಿಂತಿದ್ದ! ಅವನನ್ನು ನೋಡುವ ಭರದಲ್ಲಿ ಗೇಟಿನ ಕಂಬ ನೋಡಬೇಕಲ್ಲ? ನೋಡಲಿಲ್ಲ ಮಹಾರಾಯ್ತಿ!

ಕರ್ರ್... ಧಡ್!

ಎಡಬಾಗಿಲೇ ಕಂಬಕ್ಕೆ ಉಜ್ಜಿ ನಿಂತಿತು. ಅವಳ ಹಣೆ ಸ್ಟೇರಿಂಗಿಗೆ ಬಡಿಯಿತು. ಆಸಿಂ ಓಡಿಬಂದು ಬಲಬಾಗಿಲಿನಿಂದ ಒಳಗೆ ಬಗ್ಗಿದ.

"ಹುಮೇರಾ! ನೋವಾತೇನು?"

ಅವಳು ಹಣೆ ಮುಟ್ಟಿಕೊಂಡಳು.

"ಹೂಂ... ಭಾಳ ನೋವಾಗಾಕತ್ತೈತಿ ಆಸಿಂ. ಅಬ್ಬಾ ಇಲ್ಲ... ನನ್ನ ಅಬ್ಬಾ ಇಲ್ಲ..."

ಅಷ್ಟು ದಿನ ಬಾರದ ಅಳು ಒಮ್ಮೆಲೇ ಬಂತು. ಆಸಿಂ ಪಕ್ಕದ ಸೀಟಿನಲ್ಲಿ ಕೂತು ಅವಳ ಕೈ ಹಿಡಿದುಕೊಂಡ, ಸುಮ್ಮನಿರು ಅನ್ನಲಿಲ್ಲ. ಅಳು ತಾನಾಗಿ ತಗ್ಗುವವರೆಗೂ ಕಾದ.

"ಅಮ್ಮಿ ಎಲ್ಲಾ ಹೇಳಿದ್ಲು," ಎಂದಳು ಮೂಗು ಒರೆಸಿಕೊಳ್ಳುತ್ತ. "ಬರಬ್ಯಾಡ ಅಂದ ಕೂಡ್ಲೇ ಬಿಟ್ಟು ಹೋಗೋದೇನು?"

"ಭಾನುವಾರ ಬಂದ್ರ ಬೈಕಿನ ಕೀಲಿ ಕೈಯಾಗ ಹಿಡ್ಕೊಂಡು ಕುಂದರ್ತಿದ್ದೆ. ನೀ ಕರೀಬೇಕಂತ ಕಾಯ್ಕೋತ..." ಅವನು ಅವಳ ಕಡೆ ತಿರುಗಿದ. "ನೀ ಇಲ್ಲದ ನನಗ ಆಗಂಗಿಲ್ಲ ಹುಮೇರಾ."

"ನನಗೂ..." ಎಂದಳು ಅವಳು.

ಕೆಳಗಿಳಿದು ಇಬ್ಬರೂ ಬಾಗಿಲು ನೋಡಿದರು. ಬೂದು ಪ್ರೈಮರಿನ ನಡುವೆ ಹೊಸ ತಗ್ಗು, ಸರಿಯಾಗಿ ಹಳೇ ಜಾಗದಲ್ಲೇ!

"ಇದನ್ನ ತಗೀಲೇನು?" ಅಂಜುತ್ತಲೇ ಕೇಳಿದ.

ಹುಮೇರಾ ನಕ್ಕಳು. ಹಣೆ ಚುರ್ ಅಂದಿತು, ಆದರೂ ನಕ್ಕಳು.

"ತಗೀರಿ ನೋಡೂಣು! ನನ್ನ ಸಹಿ ಬಿದ್ದೈತಿ. ನಿಮ್ಮ ಸಹಿ ಯಾವಾಗ?"

"ನಿಕಾಹಕ್ಕ ಖಾಜಿಸಾಬ್ರನ್ನ ಕರಸು. ಅವತ್ತೇ ಹಾಕ್ತೀನಿ."